ಪೆಟ್ರೋಲ್ ಮುಚ್ಚಳದ ಮರ್ಯಾದೆ

ಆಯುಧಪೂಜೆಯ ಮರುದಿನದಿಂದ ಗುರುಶಾಂತಪ್ಪನವರ ಹಳೆಯ ಕಾರಿಗೆ ಒಂದು ಚಾಳಿ ಅಂಟಿತು: ಸ್ಟಾರ್ಟ್ ಆಗುವುದು, ಎರಡು ಬೀದಿ ದಾಟುವುದು, ಗಕ್ಕನೆ ನಿಲ್ಲುವುದು. "ಇವತ್ತೂ ನಿಂತರೆ ಗುಜರಿಗೇ ಹಾಕುತ್ತೇನೆ" ಎಂದು ಅವರು ಗುಡುಗಿದ್ದೇ ತಡ, ಎಂಜಿನ್ನಿನ ಎದೆ ಧಸಕ್ಕೆಂದಿತು.

"ಬ್ಯಾಟರಿಯಣ್ಣ, ನೀನೇನಾದರೂ ಸೋತೆಯಾ?"

"ನಾನು ಸೋತಿದ್ದರೆ ನೀನು ಏಳುತ್ತಲೇ ಇರಲಿಲ್ಲ. ನಿನಗೆ ಉಣಬಡಿಸುವವನನ್ನು ಕೇಳು!"

ಎಂಜಿನ್ ಟ್ಯಾಂಕಿಯನ್ನು ಕೂಗಿತು. "ಹೊಟ್ಟೆ ತುಂಬ ಪೆಟ್ರೋಲಿದೆಯಪ್ಪಾ," ಎಂದು ಟ್ಯಾಂಕಿ ಏದುಸಿರು ಬಿಟ್ಟಿತು. "ಆದರೆ ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಡವೇ? ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿದೆ!"

ಸಿಕ್ಕಿತು ಕಾರಣ! ಎಂಜಿನ್ ಕುಣಿದಾಡಿತು. "ಮುಚ್ಚಳರಾಯರೇ, ಬೇಗ ಕಿಂಡಿ ಬಿಡಿಸಿಕೊಳ್ಳಿ!"

"ಆಗದು. ಪೂಜೆಯ ದಿನ ಯಜಮಾನರೇ ಅದರ ಮೇಲೆ ಗಂಧ ಮೆತ್ತಿ ಕುಂಕುಮ ಇಟ್ಟಿದ್ದಾರೆ. ಇಂಥ ಮರ್ಯಾದೆಯನ್ನು ಉದುರಿಸಿಕೊಳ್ಳಲೇ?"

"ಗುಜರಿಯವನು ಕಬ್ಬಿಣ ತೂಗುತ್ತಾನೆ ಸ್ವಾಮಿ, ಗಂಧವನ್ನಲ್ಲ!"

ಮುಚ್ಚಳ ತಬ್ಬಿಬ್ಬಾಯಿತು. ಅಷ್ಟರಲ್ಲಿ ಯಜಮಾನರು ಕೀಲಿ ತಿರುಗಿಸಿದರು. ಎಂಜಿನ್ ಕಾರನ್ನೇ ಗಡಗಡ ನಡುಗಿಸಿತು. ಮುಚ್ಚಳವೂ ಮನಸ್ಸು ಗಟ್ಟಿಮಾಡಿ ಮೈ ಕೊಡವಿತು. ಒಣಗಿದ ಗಂಧ ಚಕ್ಕೆಚಕ್ಕೆಯಾಗಿ ಉದುರಿತು, ಗಾಳಿ ಸುಯ್ಯೆಂದು ಒಳನುಗ್ಗಿತು. ಕಾರು ಎರಡು ಬೀದಿ ದಾಟಿತು, ಸಂತೆಮಾಳ ದಾಟಿತು, ಗುಜರಿ ಅಂಗಡಿಯೂ ಹಿಂದೆ ಬಿತ್ತು!

ಮರುವರ್ಷ ಯಜಮಾನರ ಗಂಧದ ಬೆರಳು ಹತ್ತಿರ ಬಂದಾಗ ಮುಚ್ಚಳವೇ ಬೇಡಿಕೊಂಡಿತು: "ಹಣೆಗೆ ಹಚ್ಚಿ ಸ್ವಾಮಿ, ಮೂಗಿಗೆ ಬೇಡ."