ಬೊಗಸೆಬಂಡೆಯ ಮಹಿಮೆ

ಪಾಳೆಯಗಾರರ ನಗಾರಿಗಳು ಬೆಟ್ಟದಿಂದ ಬೆಟ್ಟಕ್ಕೆ ಮೊಳಗುತ್ತಿದ್ದ, ಕಾವಿಯುಟ್ಟ ಕ್ರೈಸ್ತ ಗುರುಗಳು ಬರಿಗಾಲಲ್ಲಿ ನಡೆದು ಬಂದು ವರ್ಷಕ್ಕೊಮ್ಮೆ ಬಲಿಪೂಜೆಯನ್ನರ್ಪಿಸಿ ಮುಂದಿನ ಊರಿಗೆ ಸಾಗುತ್ತಿದ್ದ ಪುರಾತನ ಕಾಲದಲ್ಲಿ, ಮೂಡಣ ಬಯಲುಸೀಮೆಯ ತುಂಬೆಹಾಳೆಂಬ ಗ್ರಾಮದಲ್ಲಿ ಅಂತೋಣಮ್ಮನೆಂಬ ಸಾಧ್ವಿಯೊಬ್ಬಳು ಸೂಲಗಿತ್ತಿಯಾಗಿ ಬಾಳುತ್ತಿದ್ದಳು. ಬಾಲ್ಯದಲ್ಲೇ ವೈಧವ್ಯವನ್ನುಂಡ ಆಕೆಗೆ ಸ್ವಂತ ಸಂತಾನವಿರಲಿಲ್ಲ. ಆದರೆ ಆ ಗ್ರಾಮದಲ್ಲಿ ನಲವತ್ತು ವರ್ಷಗಳಿಂದ ಈಚೆಗೆ ಹುಟ್ಟಿದವರೆಲ್ಲರೂ ಈ ಲೋಕದಲ್ಲಿ ಮೊದಲು ಮುಟ್ಟಿದ್ದು ಆಕೆಯ ಅಂಗೈಯನ್ನೇ.

ವಿಧಿಯ ಲೀಲೆ ಅಗಮ್ಯ. ಐವತ್ತೈದನೆಯ ವಯಸ್ಸಿನಲ್ಲಿ ಆಕೆಯ ಬೆರಳುಗಳು ಮರಗಟ್ಟತೊಡಗಿದವು. ಒಲೆಯ ಕೆಂಡ ತಗುಲಿದರೂ ಉರಿ ತಿಳಿಯಲಿಲ್ಲ. ಕಿವಿಯ ಹಾಲೆಗಳು ದಪ್ಪನಾದವು. ಜನ ಪಿಸುಗುಟ್ಟಿದರು: ದೊಡ್ಡ ರೋಗ, ಕುಷ್ಠ! ಊರಿನ ಯಜಮಾನನಾದ ಇನ್ಯಾಸಪ್ಪನು ನಿಷ್ಕರುಣಿಯಲ್ಲ, ಭೀತನಾದ ಮನುಷ್ಯ. ಅವನು ಆಕೆಯ ಅಂಗಳದಾಚೆ ನಿಂತು, ತಲೆ ತಗ್ಗಿಸಿ ಹೇಳಿದನು.

"ಅಂತೋಣವ್ವ, ಊರೊಳಗೆ ಎಳೆ ಮಕ್ಕಳವೆ. ಊರಾಚೆ ಬಂಡೆ ತಾವ ಇದ್ದುಬಿಡು. ಹಿಟ್ಟು ನೀರು ನಾವು ಕಳಿಸ್ತೀವಿ."

"ಆ ಮಕ್ಕಳು ನಿನಗಿಂತ ನನಗೆ ಚೆನ್ನಾಗಿ ಗೊತ್ತು ಕಣಪ್ಪ," ಎಂದಷ್ಟೇ ಹೇಳಿ ಆಕೆ ಕಂಬಳಿಯನ್ನೂ ಜಪಸರವನ್ನೂ ತೆಗೆದುಕೊಂಡು ಹೊರಟಳು.

ಗ್ರಾಮದಿಂದ ಒಂದು ಹರಿದಾರಿ ದೂರದಲ್ಲಿ, ಮುಂಚಾಚಿದ ಹೆಬ್ಬಂಡೆಯೊಂದರ ನೆರಳೇ ಆಕೆಗೆ ಮನೆಯಾಯಿತು. ವಾರಕ್ಕೊಮ್ಮೆ ಯಾರೋ ಬಂದು ಅದರೆದುರಿನ ಆಲದ ಮರದ ಬುಡದಲ್ಲಿ ಹಿಟ್ಟನ್ನೂ ಕೊಡ ನೀರನ್ನೂ ಇಟ್ಟು, ಹಿಂದಿರುಗಿ ನೋಡದೆ ಓಡಿಹೋಗುತ್ತಿದ್ದರು. ಮೊದಲ ವರ್ಷ ಆಕೆ ಅತ್ತಳು. ಎರಡನೆಯ ವರ್ಷ ಅಳುವೂ ಬತ್ತಿತು. ಬೆರಳುಗಳು ಕೊಕ್ಕೆಯಂತೆ ಬಾಗಿ, ಜಪಸರದ ಮಣಿ ಯಾವುದು, ದಾರ ಯಾವುದು ಎಂಬುದೇ ತಿಳಿಯದಂತಾದಾಗ, ಒಂದು ಬೇಸಗೆಯ ನಡುಮಧ್ಯಾಹ್ನ ಆಕೆ ಸರವನ್ನು ಮಡಿಲಿಗೆ ಹಾಕಿಕೊಂಡು ಬಾಯಿಬಿಟ್ಟು ಕೂಗಿದಳು.

"ಯೇಸುಸ್ವಾಮಿ, ಇಷ್ಟು ಜನರನ್ನ ಈ ಕೈಲಿ ಎತ್ತಿಕೊಂಡೆ. ನನ್ನನ್ನ ಎತ್ತಿಕೊಳ್ಳಕ್ಕೆ ಒಬ್ಬರೂ ಬ್ಯಾಡ್ವೆ?"

ಆಗ ಬಯಲೆಲ್ಲ ಬಿಸಿಲ್ಗುದುರೆಯ ಅಲೆಗಳಲ್ಲಿ ತೇಲುತ್ತಿತ್ತು. ದೂರದ ಕುರಿಮಂದೆಯ ಗಂಟೆಗಳು ನೀರಿನಡಿಯಿಂದೆಂಬಂತೆ ಕೇಳಿಬರುತ್ತಿದ್ದವು. ಎಚ್ಚರವೋ ಸ್ವಪ್ನವೋ ಎಂದು ವಿಂಗಡಿಸಲಾಗದ ಆ ಮಂಪರಿನಲ್ಲಿ, ಬಹುದೂರ ನಡೆದು ದಣಿದವನಂತೆ ಧೂಳು ಮೆತ್ತಿದ ಪಾದಗಳ ಪಥಿಕನೊಬ್ಬನು ನೆರಳಿಗೆ ಬಂದು, ಆಕೆಯ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಕುಳಿತನು. ಆಕೆ ಸರಿಯಹೋದಳು, ಅವನು ಬಿಡಲಿಲ್ಲ. ಆಕೆಯ ಮೊಂಡು ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಇರಿಸಿಕೊಂಡನು. ಎರಡು ವರ್ಷಗಳಿಂದ ಬೆಂಕಿಯನ್ನೂ ಅರಿಯದಿದ್ದ ಆ ಕೈಗಳಿಗೆ ಅವನ ಅಂಗೈಯ ಬೆಚ್ಚನೆಯೂ, ನಡುವಿನ ಗಾಯದ ಗುಳಿಯೂ ತಿಳಿದವು. ಆಗ ದಿವ್ಯವಾಣಿಯಾಯಿತು:

"ಮಗಳೇ, ಯಾರೂ ನಿನ್ನನ್ನು ಮುಟ್ಟದ ದಿನಗಳಲ್ಲಿಯೂ ನಾನು ನಿನ್ನ ಕೈಯನ್ನು ಬಿಟ್ಟವನಲ್ಲ. ನನ್ನವೂ ಗಾಯದ ಕೈಗಳೇ. ನಿನ್ನ ನೋವಿನ ಆಚೆ ನಾನು ನಿಂತಿಲ್ಲ. ಅದರೊಳಗೇ ನಿನ್ನ ಜೊತೆಯಲ್ಲಿ ಕುಳಿತಿದ್ದೇನೆ. ನಿಶ್ಚಿಂತಳಾಗಿರು."

ಕಣ್ತೆರೆದಾಗ ಯಾರೂ ಇರಲಿಲ್ಲ. ಬೆರಳುಗಳು ಹಾಗೆಯೇ ಬಾಗಿದ್ದವು. ವ್ಯಾಧಿ ಎಳ್ಳಷ್ಟೂ ಇಳಿದಿರಲಿಲ್ಲ. ಆದರೆ ಎದೆಯೊಳಗೆ ಕಲ್ಲಿನಂತೆ ಕೂತಿದ್ದ ಅಂಜಿಕೆ ಮಾತ್ರ ಹೋಗಿಬಿಟ್ಟಿತ್ತು. ಅಂದಿನಿಂದ ಆಕೆ ಮಣಿಗಳ ಹಂಗಿಲ್ಲದೆ ಜಪ ಹೇಳಿದಳು, ತೊಡೆಯ ಮೇಲಿನ ಕೂಸಿನಂತೆ ನಿದ್ರಿಸಿದಳು.

ಅದೇ ಬೇಸಗೆಯ ಕೊನೆಯಲ್ಲಿ ಪರರಾಜ್ಯದ ದಂಡು ಬಯಲಿಗಿಳಿಯಿತು. ಹುಲ್ಲುಮೆದೆಗಳು ಹೊತ್ತಿ ಉರಿದವು. ತುಂಬೆಹಾಳಿನವರು ಉಟ್ಟ ಬಟ್ಟೆಯಲ್ಲೇ ಓಡಿ, ನಡುರಾತ್ರಿಯ ಕತ್ತಲಲ್ಲಿ ಹೆಬ್ಬಂಡೆಯ ಬಳಿ ಬಂದು ನಿಂತರು. ಬೇರೆಲ್ಲೂ ಮರೆಯಿರಲಿಲ್ಲ, ಆದರೂ ಆ ನೆರಳಿಗೆ ಕಾಲಿಡಲು ಒಬ್ಬರಿಗೂ ಧೈರ್ಯವಾಗಲಿಲ್ಲ.

"ಬನ್ರಪ್ಪ ಒಳಕ್ಕೆ. ನಾನು ಆ ಮೂಲೇಲಿ ಇರ್ತೀನಿ," ಎಂದಳು ಅಂತೋಣಮ್ಮ.

ಅವರಲ್ಲಿ ಇನ್ಯಾಸಪ್ಪನ ಸೊಸೆ ಜ್ಞಾನಮ್ಮನಿದ್ದಳು. ತುಂಬು ಗರ್ಭಿಣಿಯಾದ ಆಕೆಗೆ ಓಟದ ಆಯಾಸದಿಂದ ನೋವು ಕಾಣಿಸಿಕೊಂಡಿತ್ತು. ಮಗು ಅಡ್ಡ ಬಿದ್ದಿತ್ತು. ಹೆಂಗಸರು ಕೈಚೆಲ್ಲಿದರು. ಜ್ಞಾನಮ್ಮ ಹಲ್ಲು ಕಚ್ಚಿ ಕೂಗಿದಳು: "ಅಂತೋಣವ್ವನ್ನ ಕರೀರಿ!"

"ಬ್ಯಾಡ ಕಣೇ, ಈ ಕೈ ನಿನ್ನ ಮುಟ್ಟಬಾರದು."

"ನಮ್ಮವ್ವನ ಹೊಟ್ಟೆಯಿಂದ ನನ್ನ ತೆಗೆದದ್ದು ಇದೇ ಕೈ ಅಲ್ವೇ? ಬಾ ಅವ್ವ, ಸಾಯ್ತಾ ಇದೀನಿ!"

ಅಂತೋಣಮ್ಮ ಬಂದಳು. ಬೆರಳಿಗೆ ತಿಳಿಯದಿದ್ದುದನ್ನು ಮಣಿಕಟ್ಟಿನಿಂದ, ಮುಂಗೈಯಿಂದ ತಡವಿ ತಿಳಿದು, ಹೊಟ್ಟೆಯನ್ನು ನೀವಿ ನೀವಿ ಮಗುವನ್ನು ತಿರುಗಿಸಿದಳು. ಸೂರ್ಯೋದಯದ ವೇಳೆಗೆ ಗಂಡು ಶಿಶು ಹೊರಬಂದಿತು. ಆದರೆ ಅದು ನೀಲಿಗಟ್ಟಿತ್ತು, ಅಳಲಿಲ್ಲ.

"ಜೀವ ಹೋಗೋ ಮುಂಚೆ ಜ್ಞಾನಸ್ನಾನ ಕೊಡಬೇಕು. ನೀರು! ಯಾರ ತಾವಾದರೂ ಗುಟುಕು ನೀರು!" ಎಂದು ಆಕೆ ಅಂಗಲಾಚಿದಳು. ಕೊಡ ಒಣಗಿತ್ತು. ಓಡಿಬಂದವರಲ್ಲಿ ಹನಿಯೂ ಇರಲಿಲ್ಲ. ಆಕೆ ಶಿಶುವನ್ನು ತಾಯಿಯ ಎದೆಯ ಮೇಲಿಟ್ಟು, ಮೊಣಕಾಲೂರಿ, ಹಣೆಯನ್ನು ಬಂಡೆಗಾನಿಸಿ, "ಸ್ವಾಮಿ, ಜೊತೇಲೇ ಇದೀನಿ ಅಂದೆಯಲ್ಲ," ಎಂದಳು. ಆಗ ಆ ಶಿಲೆಯು ಒಳಗೆ ಉಸಿರೆಳೆದಂತೆ ಸದ್ದಾಗಿ, ಆಕೆಯ ಮೊಣಕಾಲುಗಳ ನಡುವೆ ಬಿರುಕೊಂದು ಒದ್ದೆಯಾಯಿತು. ಒದ್ದೆ ಹನಿಯಾಯಿತು, ಹನಿ ಒರತೆಯಾಯಿತು.

ಆಕೆ ನೀರನ್ನು ಮೊಗೆದಳು. ಬಾಗಿದ ಬೆರಳುಗಳ ಸಂದಿಯಿಂದ ಅದು ಸೋರಿಹೋಯಿತು. ಮತ್ತೆ ಮೊಗೆದಳು, ಮತ್ತೆ ಸೋರಿತು. ಆ ಕ್ಷಣದಲ್ಲಿ, ಎರಡು ವರ್ಷ ಆಕೆಯನ್ನು ದೂರವಿಟ್ಟಿದ್ದ ಇನ್ಯಾಸಪ್ಪನು ಜನರ ನಡುವಿನಿಂದ ಬಂದು, ಮಂಡಿಯೂರಿ, ತನ್ನ ಎರಡು ಕೈಗಳ ಬೊಗಸೆಯನ್ನು ಆಕೆಯ ಬೊಗಸೆಯ ಕೆಳಗೆ ಹಿಡಿದನು. ಆಕೆಯ ಬೆರಳು ತಾಗಿದರೂ ಹಿಂತೆಗೆಯಲಿಲ್ಲ. ಈ ಸಲ ನೀರು ಬೊಗಸೆಯಲ್ಲಿ ನಿಂತಿತು. ಹೀಗೆ ಇಬ್ಬರ ಕೈಯಿಂದ ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಜಲಧಾರೆ ಶಿಶುವಿನ ನೆತ್ತಿಗೆ ಬಿದ್ದೊಡನೆ, ಅದು ಮೈಯೆಲ್ಲ ಕಂಪಿಸಿ ಬಂಡೆ ಮಾರ್ದನಿಗೊಡುವಂತೆ ಅತ್ತಿತು.

ದಂಡು ಇತ್ತ ಸುಳಿಯದೆ ಪಡುವಲಿಗೆ ಹೋಯಿತು. ಇನ್ಯಾಸಪ್ಪನು ಆಕೆಯ ಪಾದಕ್ಕೆರಗಿ ಊರಿಗೆ ಕರೆದನು. "ನಾನಿಲ್ಲಿ ಒಬ್ಬಳೇ ಇಲ್ಲ ಕಣಪ್ಪ. ನೀವೇ ಬಂದು ಹೋಗಿ," ಎಂದಳಂತೆ. ಅವರು ಬಂದರು, ಪ್ರತಿ ಸಂಜೆ ಒಬ್ಬರಲ್ಲ ಒಬ್ಬರು ಬಂದು ಪಕ್ಕದಲ್ಲಿ ಕುಳಿತರು. ಏಳು ವರ್ಷಗಳ ತರುವಾಯ, ವ್ಯಾಧಿಯಿಂದ ಮುಕ್ತಳಾಗದೆಯೇ, ಜ್ಞಾನಮ್ಮನ ತೊಡೆಯ ಮೇಲೆ ತಲೆಯಿಟ್ಟು ಆಕೆ ದೈವೈಕ್ಯಳಾದಳು.

ಹೆಬ್ಬಂಡೆಯ ಕೆಳಗೆ, ಒಂದರೊಳಗೊಂದು ಇರಿಸಿದ ಎರಡು ಬೊಗಸೆಗಳಂತಿರುವ ಶಿಲಾಗುಳಿಯನ್ನೂ, ಕಡುಬೇಸಗೆಯಲ್ಲಿಯೂ ಅದರಲ್ಲಿ ಜಿನುಗುವ ತಿಳಿನೀರನ್ನೂ ಭಕ್ತರು ಇಂದಿಗೂ ಕಾಣಬಹುದು. ಯೇಸುವಿನ ಪುನರುತ್ಥಾನದ ಪಾಸ್ಕ ಹಬ್ಬದ ಮರುವಾರ ಇಲ್ಲಿ ಜರುಗುವ ಉತ್ಸವದಂದು ರೋಗಿಗಳೂ ಗರ್ಭಿಣಿಯರೂ ಮೊದಲು ತೀರ್ಥ ಸ್ವೀಕರಿಸುತ್ತಾರೆ. ಆದರೆ ತನ್ನ ಕೈಯಿಂದ ತಾನೇ ಮೊಗೆದು ಕುಡಿಯುವ ಪದ್ಧತಿ ಈ ಸನ್ನಿಧಿಯಲ್ಲಿಲ್ಲ. ಮತ್ತೊಬ್ಬರು ಕೆಳಗೆ ಬೊಗಸೆ ಹಿಡಿಯಬೇಕು. ಒಬ್ಬಂಟಿಯಾಗಿ ಬಂದವರು ಒರತೆಯ ಬಳಿ ಸ್ವಲ್ಪ ಹೊತ್ತು ಕುಳಿತಿರಬೇಕು. ಯಾರಾದರೂ ಬರುತ್ತಾರೆ.