ಕೆಂಪಾಜಮ್ಮನ ಹೆಬ್ಬೆಟ್ಟು

"ಗುರುಗಳೇ, ಕಣ್ಣಾರೆ ಕಂಡದ್ದೇ ಎಲ್ಲಕ್ಕಿಂತ ದೊಡ್ಡ ಪ್ರಮಾಣ ಎಂದು ನಿನ್ನೆ ಪಾಠದಲ್ಲಿ ಹೇಳಿದಿರಿ. ಹಾಗಿದ್ದರೆ ಉಳಿದ ಪ್ರಮಾಣಗಳು ಯಾಕೆ ಬೇಕು? ನೋಡಿದರೆ ಸಾಲದೇ?"

ಮಠದ ಜಗಲಿಯ ಮೇಲೆ ಕುಳಿತು ಸದ್ಯೋಜಾತ ಹೀಗೆ ಕೇಳಿದ. ಅವನು ಶಾಸ್ತ್ರ ಓದಲು ಬಂದು ಎರಡು ವರ್ಷವಾಗಿತ್ತು. ಗುರುಗಳು ಪುಸ್ತಕ ಮುಚ್ಚಿಡು ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಿತ್ತು. ಅಲ್ಲಿ ಕೆಂಪಾಜಮ್ಮ ಎಂಬ ಹೆಂಗಸು ಹತ್ತೊಂಬತ್ತು ವರ್ಷ ದುಡಿದಳು. ಬಿಸಿನೀರಿನ ತೊಟ್ಟಿಯ ಮುಂದೆ ಕೂರುವುದು, ಬೆಂದ ಗೂಡಿನಿಂದ ಎಳೆ ಹುಡುಕಿ ಎತ್ತಿ ರಾಟೆಗೆ ಕೊಡುವುದು ಅವಳ ಕೆಲಸ. ಓದು ಬರಹ ಬಾರದು. ದಿನವೂ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಬಲಗೈ ಹೆಬ್ಬೆಟ್ಟು ಒತ್ತಿ ಒಳಗೆ ಹೋಗುತ್ತಿದ್ದಳು.

ತೊಟ್ಟಿಗಳಿಗೆ ಹಬೆ ತರುವ ಕೊಳವೆ ಒಂದು ಕಡೆ ಸೋರುತ್ತಿತ್ತು. ಅದಕ್ಕೆ ಗೋಣಿಬಟ್ಟೆ ಸುತ್ತಿ ಕಟ್ಟಿದ್ದರು. ಕೆಂಪಾಜಮ್ಮ ಮಾಲೀಕನಿಗೆ ಎರಡು ಸಲ ಹೇಳಿದಳು. ಈ ತಿಂಗಳ ಗೂಡು ಮುಗಿಯಲಿ, ಆಮೇಲೆ ಸರಿಮಾಡಿಸೋಣ ಎಂದು ಅವನು ಎರಡು ಸಲವೂ ಹೇಳಿದ. ಗೂಡು ಮುಗಿಯುವ ಮೊದಲೇ ಕೊಳವೆ ಒಡೆಯಿತು. ಹಬೆಯೂ ಕುದಿನೀರೂ ಒಟ್ಟಿಗೆ ಅವಳ ಬಲಗೈ ಮೇಲೆ, ಕುತ್ತಿಗೆ ಮೇಲೆ ಬಿದ್ದವು.

ಆಸ್ಪತ್ರೆಯಲ್ಲಿ ನಾಲ್ಕು ತಿಂಗಳಾಯಿತು. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಗಾಯ ಮಾಯಿತು, ಆದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮಾಯ್ದವು. ಹೆಬ್ಬೆರಳು ಮಾತ್ರ ಬಿಡಿಯಾಗಿ ಉಳಿಯಿತು. ಅದರ ತುದಿ ಮೇಣದ ಹಾಗೆ ನುಣ್ಣಗಾಗಿತ್ತು.

ಮಾಲೀಕ ಒಂದು ಸಲ ಮೋಸಂಬಿ ಹಿಡಿದುಕೊಂಡು ಬಂದು ನೋಡಿದ. ನಿನ್ನನ್ನು ಕೈಬಿಡುವುದಿಲ್ಲ ಎಂದ. ಅವಳು ನಂಬಿದಳು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಕಾರ್ಖಾನೆಗೆ ಹೋದರೆ ಕಾವಲಿನವನು ಬಾಗಿಲಲ್ಲೇ ನಿಲ್ಲಿಸಿದ. ಮೂರನೆಯ ಸಲ ಹೋದಾಗ ಮಾಲೀಕನೇ ಹೊರಗೆ ಬಂದು, ನೀನು ನಮ್ಮ ಕೆಲಸದವಳೇ ಅಲ್ಲ, ಆ ದಿನ ಸತ್ತ ಹುಳು ಆಯ್ದುಕೊಂಡು ಹೋಗಲು ಬಂದಿದ್ದವಳು ಎಂದ. ನೂಲು ತೆಗೆದ ಮೇಲೆ ಉಳಿಯುವ ಹುಳುವನ್ನು ಕೋಳಿಗೆ ಹಾಕಲು ಜನ ಬಂದು ಒಯ್ಯುವುದುಂಟು. ಹತ್ತೊಂಬತ್ತು ವರ್ಷ ಎಳೆ ಎತ್ತಿದವಳು ಒಂದೇ ಮಾತಿನಲ್ಲಿ ಹುಳು ಆಯುವವಳಾದಳು.

ಅವಳು ವಕೀಲರನ್ನು ಹಿಡಿದು ಪರಿಹಾರಕ್ಕೆ ಅರ್ಜಿ ಹಾಕಿದಳು. ಅರ್ಜಿಗೆ ಬಲಗೈ ಹೆಬ್ಬೆಟ್ಟು ಬೇಕೆಂದರು. ಒತ್ತಿದಳು. ನ್ಯಾಯಾಲಯದ ಗುಮಾಸ್ತ ಅದನ್ನು ನೋಡಿ, ಮಸಿ ಹರಡಿದೆ, ಸರಿಯಾಗಿ ಒತ್ತಿ ತನ್ನಿ ಎಂದು ಹಿಂದಕ್ಕೆ ಕೊಟ್ಟ. ಮಸಿ ಕಡಿಮೆ ಮಾಡಿ ಒತ್ತಿದಳು. ರೇಖೆ ಬಂದಿಲ್ಲ ಎಂದ. ಬಟ್ಟೆಯಲ್ಲಿ ಒರೆಸಿ ಒತ್ತಿದಳು. ಇನ್ನೊಂದು ಕಾಗದ ತನ್ನಿ ಎಂದ. ಅರ್ಜಿ ಒಳಗೆ ಹೋಗಲು ಐದು ಸಲ ಬೇಕಾಯಿತು. ಐದು ಸಲವೂ ಅವಳ ಕೈ ಅವನ ಮೇಜಿನ ಮೇಲೇ ಇತ್ತು. ಐದು ಸಲವೂ ಅವನು ಕಾಗದವನ್ನೇ ನೋಡಿದ.

ವಿಚಾರಣೆ ಶುರುವಾಯಿತು. ಜೊತೆಗೆ ದುಡಿದವರು ತಮ್ಮ ಕೆಲಸ ಹೋದೀತೆಂದು ಸಾಕ್ಷಿ ಹೇಳಲು ಬರಲಿಲ್ಲ. ಕಾರ್ಖಾನೆಯ ಹಾಜರಿ ಪುಸ್ತಕ ತರಿಸಿದರು. ಅದರಲ್ಲಿ ಕೆಂಪಾಜಮ್ಮ ಎಂಬ ಹೆಸರಿತ್ತು, ಮುಂದೆ ಸಾಲುಸಾಲು ಹೆಬ್ಬೆಟ್ಟಿತ್ತು. ಇಷ್ಟು ಸಾಕಲ್ಲ ಎಂದು ಅವಳು ಉಸಿರುಬಿಟ್ಟಳು. ಮಾಲೀಕನ ವಕೀಲ ಎದ್ದು ನಿಂತು, ಆ ಹೆಸರಿನ ಬೇರೊಬ್ಬಳು ಹಿಂದೆ ಕೆಲಸಕ್ಕಿದ್ದಳು, ಬೇಕಾದರೆ ಹೆಬ್ಬೆಟ್ಟು ಹೋಲಿಸಿ ನೋಡಿ ಎಂದ. ಹೆಬ್ಬೆಟ್ಟು ತಜ್ಞರಿಗೆ ಹೋಯಿತು. ಹನ್ನೊಂದು ತಿಂಗಳ ಮೇಲೆ ಒಂದು ಸಾಲಿನ ವರದಿ ಬಂತು. ಈಕೆಯ ಹೆಬ್ಬೆರಳಿನಲ್ಲಿ ಹೋಲಿಸಲು ರೇಖೆಗಳಿಲ್ಲ.

ರೇಖೆ ಎಲ್ಲಿಗೆ ಹೋಯಿತು ಎಂದು ಆ ಕೋಣೆಯಲ್ಲಿದ್ದ ಒಬ್ಬರೂ ಕೇಳಲಿಲ್ಲ. ಮುಂದಿನ ತಾರೀಖು ಕೊಟ್ಟರು.

ಆ ದಿನ ಮನೆಗೆ ಬಂದ ಕೆಂಪಾಜಮ್ಮನಿಗೆ ಅಳು ಬರಲಿಲ್ಲ. ಮೈ ಉರಿಯಿತು. ಇನ್ನು ಯಾರ ಮೇಜಿನ ಮುಂದೆಯೂ ಮಸಿ ಹಚ್ಚಿಕೊಂಡು ನಿಲ್ಲುವುದಿಲ್ಲ ಎಂದು ಹಟ ಹಿಡಿದಳು. ಮಗಳ ಹಳೆಯ ಸ್ಲೇಟು ಹುಡುಕಿ ತೆಗೆದು ಎಡಗೈಯಲ್ಲಿ ಬಳಪ ಹಿಡಿದಳು. ಬಳಪ ಕೈಗೆ ಒಗ್ಗಲಿಲ್ಲ. ಕೆಂಪಾಜಮ್ಮ ಎಂಬ ಹೆಸರಿಗೆ ಒಂದು ಸೊನ್ನೆ, ಒಂದು ದೀರ್ಘ, ಒಂದು ಒತ್ತು, ಇಷ್ಟೆಲ್ಲ ಯಾಕೆ ಎಂದು ಹೆತ್ತವರನ್ನೇ ಬೈದಳು. ನಾಲ್ಕು ತಿಂಗಳಿಗೆ ಹೆಸರು ಮೂಡಿತು. ಕೊನೆಯ ಅಕ್ಷರ ಸ್ವಲ್ಪ ಕೆಳಗೆ ಜಾರುತ್ತಿತ್ತು, ಆದರೆ ಯಾರು ಓದಿದರೂ ಓದಬಹುದಾಗಿತ್ತು.

ಮುಂದಿನ ಸಲ ಅವಳು ಕಾಗದಕ್ಕೆ ತಾನೇ ರುಜು ಹಾಕಿದಳು. ಅದೇ ಅವಳಿಗೆ ಮುಳುವಾಯಿತು. ಮಾಲೀಕನ ವಕೀಲ ಆ ರುಜುವನ್ನು ಎತ್ತಿ ನ್ಯಾಯಾಧೀಶರಿಗೆ ತೋರಿಸಿದ. ಈಕೆಗೆ ರುಜು ಹಾಕಲು ಬರುತ್ತದೆ, ಹಾಜರಿ ಪುಸ್ತಕದಲ್ಲಿರುವುದು ಹೆಬ್ಬೆಟ್ಟು, ಅಂದ ಮೇಲೆ ಪುಸ್ತಕದ ಕೆಂಪಾಜಮ್ಮ ಈಕೆಯಲ್ಲ ಎಂದು ವಾದಿಸಿದ. ನ್ಯಾಯಾಧೀಶರು ಅವಳ ಕಡೆ ತಿರುಗಿ ಏನು ಹೇಳುತ್ತೀರಮ್ಮ ಎಂದರು.

"ಕೈ ಸುಟ್ಟ ಮೇಲೆ ಕಲಿತೆ ಸ್ವಾಮಿ," ಎಂದಳು ಅವಳು.

"ಸುಟ್ಟ ಮೇಲೆ ಕಲಿತದ್ದು ಎನ್ನುವುದಕ್ಕೆ ದಾಖಲೆ ಇದೆಯೇ?" ಎಂದ ವಕೀಲ.

ಅವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಗುರುತಿಲ್ಲ, ರುಜು ಹಾಕಿದರೆ ಸುಳ್ಳುಗಾತಿ. ಅವಳ ವಕೀಲರೂ ಸೋತುಹೋಗಿದ್ದರು. ಮಾಲೀಕರು ಕೊಟ್ಟಷ್ಟು ತೆಗೆದುಕೊಂಡು ರಾಜಿಯಾಗಿಬಿಡಿ ಎಂದರು. ಅವರು ಏನನ್ನೂ ಕೊಡುತ್ತೇನೆ ಎಂದಿಲ್ಲವಲ್ಲ ಎಂದಳು ಕೆಂಪಾಜಮ್ಮ. ವಕೀಲರು ಕನ್ನಡಕ ಒರೆಸಿಕೊಂಡರು.

ಮನೆಗೆ ನಡೆದುಕೊಂಡೇ ಬಂದಳು. ಬಸ್ಸಿನಲ್ಲಿ ಕೂತರೆ ಪಕ್ಕದವರು ಕುತ್ತಿಗೆ ನೋಡಿ ಏನಾಯಿತು ಎಂದು ಕೇಳುತ್ತಾರೆ, ಹೇಳಿ ಹೇಳಿ ಸಾಕಾಗಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಸುಡುವ ಮೊದಲು ಈ ಹೆಬ್ಬೆಟ್ಟನ್ನು ಇನ್ನೆಲ್ಲಿ ಒತ್ತಿದ್ದೆ? ಊರು ಹತ್ತಿರ ಬಂದಾಗ ನೆನಪಾಯಿತು. ಮಗಳನ್ನು ಒಂದನೆಯ ತರಗತಿಗೆ ಸೇರಿಸಿದ ದಿನ ಶಾಲೆಯ ಅರ್ಜಿಗೆ ತಾನೇ ಒತ್ತಿದ್ದಳು. ಆ ಮಗಳಿಗೆ ಈಗ ಮದುವೆಯಾಗಿ ಮಗುವಿತ್ತು.

ಶಾಲೆಯ ಮುಖ್ಯೋಪಾಧ್ಯಾಯಿನಿ ಹಳೆಯ ಕಾಗದಗಳಿಗೆಲ್ಲ ಗೆದ್ದಲು ಹಿಡಿದಿದೆ ಎಂದರು. ನೋಡಿ ಹೇಳುತ್ತಿದ್ದೀರಾ, ನೋಡದೆ ಹೇಳುತ್ತಿದ್ದೀರಾ ಎಂದು ಕೆಂಪಾಜಮ್ಮ ಕೇಳಿದಳು. ಅವರು ಎದ್ದು ಬೀಗದ ಕೈ ತೆಗೆದುಕೊಂಡರು. ಇಬ್ಬರೂ ಸೇರಿ ಎರಡು ದಿನ ಧೂಳು ಕೊಡವಿದರು. ಕಟ್ಟಿನ ಅಂಚನ್ನು ಗೆದ್ದಲು ತಿಂದಿತ್ತು, ನಡುವಿನ ಕಾಗದಗಳು ಉಳಿದಿದ್ದವು. ತಾಯಿಯ ಹೆಸರು ಕೆಂಪಾಜಮ್ಮ. ಪಕ್ಕದಲ್ಲಿ ನೇರಳೆ ಬಣ್ಣದ ಹೆಬ್ಬೆಟ್ಟು, ಒಂದೊಂದು ರೇಖೆಯೂ ಎಣಿಸುವ ಹಾಗಿತ್ತು. ಕೆಂಪಾಜಮ್ಮ ತನ್ನ ಬೆರಳನ್ನು ತಾನೇ ಬಹಳ ಹೊತ್ತು ನೋಡಿದಳು.

ಆ ಅರ್ಜಿಯೂ ಹಾಜರಿ ಪುಸ್ತಕವೂ ಮತ್ತೆ ತಜ್ಞರಿಗೆ ಹೋದವು. ಎರಡೂ ಒಬ್ಬರದೇ ಎಂದು ವರದಿ ಬಂತು. ಕೈ ಸುಟ್ಟು ಎಂಟು ವರ್ಷಕ್ಕೆ ಪರಿಹಾರ ಕೊಡಬೇಕೆಂದು ತೀರ್ಪಾಯಿತು.

ತೀರ್ಪಿನ ಪ್ರತಿ ಹಿಡಿದು ಅವಳು ಪರಿಹಾರ ಪಡೆಯಲು ಕಚೇರಿಗೆ ಹೋದಳು. ಕಿಟಕಿಯ ಹಿಂದಿದ್ದ ಗುಮಾಸ್ತ ಕಾಗದ ತೆಗೆದುಕೊಂಡ, ಮೊಹರು ನೋಡಿದ, ದಪ್ಪ ಪುಸ್ತಕ ತೆರೆದು ಮಸಿಯ ಡಬ್ಬಿಯನ್ನು ಅವಳ ಮುಂದೆ ಸರಿಸಿದ.

"ಬಲಗೈ ಹೆಬ್ಬೆಟ್ಟು ಒತ್ತಿ," ಎಂದ. ತಲೆ ಎತ್ತಲಿಲ್ಲ.

ರುಜು ಹಾಕುತ್ತೇನೆ ಎಂದಳು. ದಾಖಲೆಯಲ್ಲಿ ಹೆಬ್ಬೆಟ್ಟು ಎಂದಿದೆ, ರುಜು ನಡೆಯುವುದಿಲ್ಲ ಎಂದ. ಹೆಬ್ಬೆಟ್ಟು ಮೂಡುವುದಿಲ್ಲ ಎಂದಳು. ಸರಿಯಾಗಿ ಒತ್ತಿದರೆ ಮೂಡುತ್ತದೆ, ಹಿಂದೆ ಜನ ನಿಂತಿದ್ದಾರೆ, ಬೇಗ ಮಾಡಿ ಎಂದ.

ಅವಳು ಕೂಗಾಡಲಿಲ್ಲ. ಸೆರಗು ಸರಿಸಿ, ಬಲಗೈಯನ್ನು ಕಿಟಕಿಯೊಳಗೆ ತೂರಿಸಿ, ಅವನು ತೆರೆದಿಟ್ಟ ಪುಸ್ತಕದ ಮೇಲೆ ಇಟ್ಟಳು. ನೀವೇ ಹಿಡಿದು ಒತ್ತಿಸಿಕೊಳ್ಳಿ ಎಂದಳು. ಅವನು ಬೇಸರದಿಂದ ಕೈ ಹಿಡಿದ. ಹೆಬ್ಬೆರಳನ್ನು ಮಸಿಗೆ ಎಳೆದ. ಬೆರಳು ಬಾಗಲಿಲ್ಲ. ಆಗ ಆ ಕೈಯನ್ನು ನೋಡಿದ. ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟ.

"ಇದು ಏನಾಯಿತಮ್ಮ?" ಎಂದು ಕೇಳಿದ.

"ಓದಿ ಸ್ವಾಮಿ. ನಿಮ್ಮ ಮುಂದಿರುವ ಕಾಗದದಲ್ಲಿ ಅದೇ ಬರೆದಿದೆ."

ಅವನು ಓದಿದ. ಎರಡು ಪುಟ ಓದಿ ಮುಗಿಸುವವರೆಗೆ ಹಿಂದಿನವರು ಗೊಣಗುತ್ತಲೇ ಇದ್ದರು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ಒಂದು ಪೆನ್ನು ತೆಗೆದು, ಅವಳ ಎಡಗೈಯ ಕಡೆ ಹಿಡಿದ. ಕೆಂಪಾಜಮ್ಮ ರುಜು ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು.

ಸದ್ಯೋಜಾತನ ಮುಖ ಕೆಂಪಾಗಿತ್ತು. ಕಣ್ಣ ಮುಂದಿನ ಕೈಯನ್ನು ಬಿಟ್ಟು ಕಾಗದ ಕೇಳುವ ಜನ ಎಂಥವರು, ಅವರಿಗೆ ಕಣ್ಣು ಕೊಟ್ಟದ್ದೇ ದಂಡ ಎಂದು ಬೈದ. ಬೈದು ಸುಸ್ತಾದ ಮೇಲೆ, ಆ ತಾಯಿ ಈಗ ಎಲ್ಲಿದ್ದಾರೆ, ಒಮ್ಮೆ ಹೋಗಿ ನೋಡಬೇಕು ಎಂದ.

ಗುರುಗಳು ಹೇಳಿದರು: "ಇವತ್ತು ಬೆಳಿಗ್ಗೆ ಪೂಜೆಗೆ ತಂದ ಹೂವನ್ನು ಎಡಗೈಯಲ್ಲಿ ನೀಡಿದಳೆಂದು ಗದರಿಸಿ ಬಾಗಿಲಿಂದಲೇ ಕಳಿಸಿದೆಯಲ್ಲ ಮರಿ, ಅವಳೇ."