ಬೆವರು ಓದುವ ಪಟ್ಟಿ

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ವೃಷಭೇಂದ್ರನೆಂಬ ಶಿಷ್ಯನಿದ್ದ. ಕಲಿತವನು. ಕಲಿತದ್ದು ಹೊಟ್ಟೆಯಲ್ಲಿ ನಿಲ್ಲದೆ ತುಳುಕುತ್ತಿತ್ತು. ಧ್ಯಾನಕ್ಕೆ ಕೂತರೂ ಕಾಲು ಕುಣಿಸುವ ಪೈಕಿ.

ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಂದನ್ನು ಮಾಡುತ್ತಿದ್ದ. ತೊಗಲಿನ ಬೆವರು ಹಿಡಿದು ಮನಸ್ಸಿನ ತಳಮಳ ಅಳೆಯುವ ಪಟ್ಟಿ. ನೆಮ್ಮದಿಯಿದ್ದರೆ ಹಸಿರು ದೀಪ, ತಳಮಳಕ್ಕೆ ಕೆಂಪು. ಎಷ್ಟು ತಿದ್ದಿದರೂ ಕೆಂಪು ಮಾತ್ರ ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ, ದಾಸೋಹದ ಪಂಕ್ತಿಯ ನಡುವೆ ರೊಟ್ಟಿ ನೀಡುತ್ತಿದ್ದ ಗಂಗವ್ವನನ್ನು ತಡೆದು ಅವಳ ಕೈಗೆ ಕಟ್ಟಿದ. ಉಣ್ಣುವವರೆಲ್ಲ ತುತ್ತು ಬಿಟ್ಟು ನೋಡಿದರು. ಕೆಂಪು ಹತ್ತಿತು.

"ಹತ್ತೇಬಿಡ್ತು. ಒಳಗ ಏನ್ ಮುಚ್ಚಿಟ್ಟಿ, ಗಂಗವ್ವಾ?"

ಊರಿಗೆ ಇಷ್ಟು ಸಾಲದೇ? ರೊಟ್ಟಿ ಆರುವ ಮೊದಲೇ ಕತೆ ಬೆಂದಿತ್ತು. ಮಠದ ತುಪ್ಪ ಕದ್ದಿದ್ದಾಳೆ ಎಂದಳೊಬ್ಬಳು. ತುಪ್ಪ ಯಾರಿಗೆ ಬೇಕು, ಭಜನೆಯ ಕಲ್ಲಪ್ಪನ ತಾಟಿಗೆ ಎರಡೆರಡು ಸಲ ಬಗ್ಗುವುದು ಕಂಡಿಲ್ಲವೇ ಎಂದಳು ಇನ್ನೊಬ್ಬಳು. ಗಂಗವ್ವ ಗಂಡ ಸತ್ತವಳು. ಒಗ್ಗರಣೆಗೆ ಅದೂ ಒದಗಿತು.

ಮರುದಿನ ಗಂಗವ್ವ ಬರಲಿಲ್ಲ. ಇನ್ನು ಮಠದ ಹೊಸ್ತಿಲು ತುಳಿಯೆನೆಂದು ಹೇಳಿ ಕಳಿಸಿದಳು.

ವೃಷಭೇಂದ್ರ ಸುಮ್ಮನೆ ಕೂರಲಿಲ್ಲ. ಎಲ್ಲರೂ ಅಜ್ಜಾರು ಎನ್ನುವ ಗುರುಗಳ ಮುಂದೆ ಹೋಗಿ ನಿಂತ.

"ಪಟ್ಟಿ ಸುಳ್ಳು ಹೇಳಿಲ್ರಿ ಅಜ್ಜಾರ. ಆಕಿ ಮನಸಿನ್ಯಾಗ ಏನೋ ಇತ್ತು."

"ಇದ್ದೀತು. ನಿನ್ನ ಮನಸಿನ್ಯಾಗ?"

"ನಂದೇನೈತ್ರಿ? ತಿಳಿನೀರು."

"ಹಂಗಾರ ನೀನೂ ಕಟ್ಕೋ."

ಕಟ್ಟಿಕೊಂಡ. ಹಸಿರು. ಮೀಸೆಯಲ್ಲೇ ನಕ್ಕ.

ಅಜ್ಜಾರು ಅವನನ್ನು ಪಂಕ್ತಿಯ ನಡುವೆ ತಂದು ನಿಲ್ಲಿಸಿದರು. "ಎಲ್ಲಾರೂ ತುತ್ತು ಬಿಟ್ಟು ಇವನ್ನ ನೋಡ್ರಿ," ಎಂದರು.

ನೋಡುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಒಬ್ಬಳು ಆಗಲೇ ಪಕ್ಕದವಳ ಕಿವಿಗೆ ಬಾಯಿಟ್ಟಿದ್ದಳು.

ವೃಷಭೇಂದ್ರನ ಅಂಗೈ ತೊಯ್ದಿತು. ದೀಪ ಕೆಂಪಗಾಯಿತು.

"ಏನ್ ಮುಚ್ಚಿಟ್ಟಿಯೋ ತಮ್ಮಾ?"

"ಏನೂ ಇಲ್ರಿ. ಮಂದಿ ಹಿಂಗ ನೋಡಾಕಹತ್ತಿದ್ರ..."

ರೊಟ್ಟಿಬುಟ್ಟಿ ಹಿಡಿದು ಇದೇ ಜಾಗದಲ್ಲಿ ನಿಂತಿದ್ದ ಗಂಗವ್ವನ ಮುಖ ಕಣ್ಣಿಗೆ ಕಟ್ಟಿತು.

"ಆಕಿ ಕಾಲು ಹಿಡಿದು ಕರ್ಕೊಂಡ ಬರ್ತೀನ್ರಿ," ಎಂದವನು ಪಟ್ಟಿಯ ಗುಂಡಿಗೆ ಕೈ ಹಾಕಿದ.

"ಬಿಚ್ಚಬ್ಯಾಡ," ಎಂದರು ಅಜ್ಜಾರು. "ದೀಪಾನೂ ಮುಚ್ಚಬ್ಯಾಡ, ಪ್ಯಾಟಿ ನಡುವಿನ ದಾರಿ ಹಿಡಿದು ಹೋಗು."